ಬಣ್ಣ ಒಂದು, ರೇಡಿಯೊದಲ್ಲಿ ಹೆಸರು ಇನ್ನೊಂದು: ಏರ್‌ಲೈನ್‌ಗೆ ಕಾಲ್ ಸೈನ್ ಸಿಗೋದು, ಬದಲಾಗೋದು ಹೇಗೆ?

ದೇವನಹಳ್ಳಿ ದುರ್ಬೀನು

ಮೂರ್ನಾಲ್ಕು ಪ್ರಶ್ನೆ ಒಟ್ಟಿಗೇ ಹಾಕ್ತಿದೀನಿ. ಒಂದಕ್ಕೊಂದು ಅಂಟಿಕೊಂಡಿರೋದ್ರಿಂದ ಬೇರೆ ಬೇರೆ ಎಳೆ ಮಾಡಲಿಲ್ಲ.

ಇಂಡಿಗೋ ಟಿಕೆಟ್‌ನಲ್ಲಿ 6ಇ ಅಂತಿರುತ್ತೆ. ಟ್ರ್ಯಾಕರ್ ಆ್ಯಪ್‌ನಲ್ಲಿ ಅದೇ ವಿಮಾನ ಐಜಿಒ. ರೇಡಿಯೊದಲ್ಲಿ ಪೈಲಟ್ ಹೇಳೋದು ‘ಐಫ್ಲೈ’. ಒಂದೇ ಕಂಪನಿಗೆ ಮೂರು ಹೆಸರು ಯಾಕೆ, ಕೊಡೋರು ಯಾರು?

ವಿಸ್ತಾರಾ ವಿಲೀನ ಆದ ರಾತ್ರಿಯಿಂದ ಆ ಬದನೆಕಾಯಿ ಬಣ್ಣದ ವಿಮಾನಗಳೆಲ್ಲ ರೇಡಿಯೊದಲ್ಲಿ ‘ಏರ್ ಇಂಡಿಯಾ’ ಆಗಿಬಿಟ್ಟವು. ಬಣ್ಣ ಹಳೇದೇ ಇತ್ತು. ಅತ್ತ ಬೆಂಗಳೂರಿನ ಏರ್‌ಏಷ್ಯಾ ಇಂಡಿಯಾ ಏರ್ ಇಂಡಿಯಾದ ಕೈಗೆ ಬಂದು, ಎಐಎಕ್ಸ್ ಕನೆಕ್ಟ್ ಅಂತ ಹೆಸರು ಬದಲಿಸಿಕೊಂಡ ಮೇಲೂ ಕಾಲ್ ಸೈನ್ ‘ರೆಡ್ ನೈಟ್’ ಆಗೇ ಉಳೀತು. ಇಬ್ಬರಿಗೆ ಎರಡು ನ್ಯಾಯ ಯಾಕೆ?

ಕೊನೇದು, ಯುರೋಪಿನ ವಿಮಾನಗಳ ಕಾಲ್ ಸೈನ್ ಬಾಲದಲ್ಲಿ ಅಕ್ಷರಗಳು ಇರ್ತವೆ. ಟಿಕೆಟ್ ನಂಬರಿಗೂ ಅದಕ್ಕೂ ತಾಳಮೇಳವೇ ಇರಲ್ಲ. ಅದನ್ನ ಕಂಪನಿ ತನಗೆ ಬೇಕಾದ ಹಾಗೆ ಹಾಕಿಕೊಳ್ಳಬಹುದಾ? ನಾಳೆ ಒಂದು ಕಂಪನಿಗೆ ತನ್ನ ಕಾಲ್ ಸೈನೇ ಬೇಡ ಅನಿಸಿದರೆ ಬದಲಿಸೋದು ಎಷ್ಟು ಸಲೀಸು?

ಅನೆಕ್ಸ್ ಹತ್ತು

ಮೊದಲು ಮೂರು ಹೆಸರುಗಳನ್ನ ಬಿಡಿಸಿಕೊಳ್ಳೋಣ. 6ಇ ಅನ್ನೋದು ಐಯಾಟಾ ಕೊಡುವ ಕೋಡ್. ಐಯಾಟಾ ಏರ್‌ಲೈನ್‌ಗಳ ಸಂಘ. ಅದರ ಕೋಡ್ ಓಡೋದು ಟಿಕೆಟ್, ಲಗೇಜ್ ಚೀಟಿ, ಕಾರ್ಗೊ ಬಿಲ್ಲು, ವೇಳಾಪಟ್ಟಿಯಲ್ಲಿ. ಅಂದರೆ ವ್ಯಾಪಾರದ ಕಡೆ. ಐಜಿಒ ಮತ್ತು ಐಫ್ಲೈ ಎರಡೂ ಐಕಾವೊ ಕಡೆಯವು, ಅಂದರೆ ವಿಶ್ವಸಂಸ್ಥೆಯ ವಿಮಾನಯಾನ ಅಂಗದ್ದು. ಮೂರಕ್ಷರದ್ದು ಬರೆಯೋಕೆ, ಐಫ್ಲೈ ಅನ್ನೋದು ಬಾಯಲ್ಲಿ ಹೇಳೋಕೆ. ಏರ್‌ಲೈನ್‌ಗಳಿಗೆ ಇವು ಸಾಮಾನ್ಯವಾಗಿ ಜೋಡಿಯಾಗೇ ಮಂಜೂರಾಗ್ತವೆ, ಜೋಡಿಯಾಗೇ ಐಕಾವೊದ ಡಾಕ್ 8585 ಅನ್ನೋ ದಾಖಲೆಯಲ್ಲಿ ಅಚ್ಚಾಗ್ತವೆ. ಬಾಯಲ್ಲಿ ಹೇಳೋ ಹೆಸರಿಗೆ ಅದರೊಳಗೆ ಟೆಲಿಫೊನಿ ಡೆಸಿಗ್ನೇಟರ್ ಅಂತ ಹೆಸರು. ನಾವೆಲ್ಲ ಕಾಲ್ ಸೈನ್ ಅಂತೀವಿ, ಕಟ್ಟುನಿಟ್ಟಾಗಿ ಹೇಳಿದರೆ ಟೆಲಿಫೊನಿ ಹೆಸರು ಮತ್ತು ಫ್ಲೈಟ್ ನಂಬರು ಎರಡೂ ಸೇರಿದ್ದು ಕಾಲ್ ಸೈನ್.

1987ರ ತನಕ ಐಕಾವೊ ಕೂಡ ಎರಡಕ್ಷರದಲ್ಲೇ ಕೆಲಸ ನಡೆಸ್ತಿತ್ತು. ಇಪ್ಪತ್ತಾರು ಅಕ್ಷರದಲ್ಲಿ ಎರಡೆರಡರ ಜೋಡಿ ಮಾಡಿದರೆ ಸಿಗೋದು 676 ಮಾತ್ರ, ಅದು ಸಾಲದೆ ಹೋಯ್ತು. ಮೂರಕ್ಷರಕ್ಕೆ ಹೋದ ಮೇಲೆ 17,576. ಐಯಾಟಾ ಎರಡರಲ್ಲೇ ಉಳಿದು, ಅಂಕಿ ಬೆರೆಸಿ ಸಂಭಾಳಿಸ್ತಿದೆ. 6ಇ, 9ಡಬ್ಲ್ಯೂ, ಎಸ್5 ಎಲ್ಲ ಹಾಗೆ ಬಂದವು. ಹಳೇದನ್ನ ಮತ್ತೊಬ್ಬರಿಗೆ ಕೊಡೋದೂ ಅದಕ್ಕೇ. ಇಂಡಿಯನ್ ಏರ್‌ಲೈನ್ಸ್‌ನ ಐಸಿ ಈಗ ಗೋವಾದ ಫ್ಲೈ91 ಹತ್ತಿರ ಇದೆ. 2024ರ ಮಾರ್ಚ್‌ನಲ್ಲಿ ಅವರ ಮೊದಲ ವಾಣಿಜ್ಯ ವಿಮಾನ ಗೋವಾದಿಂದ ಬೆಂಗಳೂರಿಗೆ ಬಂದಿದ್ದು ಐಸಿ 1401 ಅನ್ನೋ ನಂಬರಿನಲ್ಲಿ.

ಕಾಲ್ ಸೈನ್ ಎಷ್ಟು ಬಗೆ ಅನ್ನೋದು ಐಕಾವೊದ ಅನೆಕ್ಸ್ 10, ಎರಡನೇ ಸಂಪುಟದಲ್ಲಿದೆ. ಮೊದಲನೇದು ಬರೀ ನೋಂದಣಿ ಸಂಖ್ಯೆ. ಜಕ್ಕೂರಿನ ತರಬೇತಿ ವಿಮಾನ, ಚಾರ್ಟರ್ ವಿಮಾನಗಳು ಸಾಮಾನ್ಯವಾಗಿ ‘ವಿಕ್ಟರ್ ಟ್ಯಾಂಗೊ’ (ಭಾರತದ ನೋಂದಣಿಯ ವಿಟಿ) ಅಂತ ಶುರುಮಾಡೋದು ಇದೇ. ಎರಡನೇದು ಟೆಲಿಫೊನಿ ಹೆಸರಿನ ಜೊತೆ ನೋಂದಣಿಯ ಕೊನೇ ನಾಲ್ಕು ಅಕ್ಷರ; ಅಪರೂಪ. ಮೂರನೇದು ಟೆಲಿಫೊನಿ ಹೆಸರು, ಅದರ ಮುಂದೆ ಫ್ಲೈಟ್ ನಂಬರು. ಏರ್‌ಲೈನ್‌ಗಳೆಲ್ಲ ಈ ಮೂರನೇ ಬಗೆ. ಮೊದಲೆರಡನ್ನ ಎಟಿಸಿ (ವಾಯುಸಂಚಾರ ನಿಯಂತ್ರಣದವರು) ತಾನಾಗಿ ಚಿಕ್ಕದು ಮಾಡಿ ಕರೆದ ಮೇಲೆ ಪೈಲಟ್ ಕೂಡ ಚಿಕ್ಕದಾಗಿ ಹೇಳಬಹುದು. ಮೂರನೇದನ್ನ ಮೊಟಕು ಮಾಡೋ ಹಾಗೇ ಇಲ್ಲ. ‘ಐಫ್ಲೈ’ ಬಿಟ್ಟು ಬರೀ ನಂಬರು ಹೇಳೋ ಚಾಳಿ ಕೆಲವರಿಗಿದೆ, ಗೊಂದಲಕ್ಕೆ ಅರ್ಧ ಕಾರಣ ಅದೇ.

ಈಗ ಸಿಗೋದು ಹೇಗೆ. ಕಂಪನಿ ನೇರವಾಗಿ ಹೋಗಿ ಮಂಜೂರಾತಿ ಪಡೆಯೋಕಾಗಲ್ಲ. ಐಕಾವೊ ವ್ಯವಹರಿಸೋದು ದೇಶಗಳ ಜೊತೆ, ಹಾಗಾಗಿ ಅರ್ಜಿ ಆ ದೇಶದ ವಿಮಾನಯಾನ ಪ್ರಾಧಿಕಾರದ ಕೈದಾಟಿಯೇ ಹೋಗಬೇಕು. ನಮ್ಮಲ್ಲಿ ಡಿಜಿಸಿಎ, ಅಮೆರಿಕದಲ್ಲಿ ಎಫ್‌ಎಎ. ಐಕಾವೊದ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಬೀಳುತ್ತೆ, ದೇಶದ ಪರವಾಗಿ ಅಧಿಕಾರ ಇರೋರು ಅದನ್ನ ಒಪ್ಪಿ ಮುಂದೆ ಕಳಿಸ್ತಾರೆ, ಐಕಾವೊ ಪ್ರಪಂಚದ ಪಟ್ಟಿಗೆ ತಾಳೆ ನೋಡುತ್ತೆ. ಮೂರಕ್ಷರ ಬೇರೆ ಯಾರಿಗೂ ಇರಬಾರದು. ಎಸ್‌ಒಎಸ್, ಪ್ಯಾನ್‌ನಂಥ ಅಪಾಯದ ಸಂಕೇತಗಳ ಜೊತೆ ಗೊಂದಲ ಆಗಬಾರದು. ಬಾಯಲ್ಲಿ ಹೇಳೋ ಹೆಸರು ಆದಷ್ಟೂ ಒಂದೇ ಪದ, ಹೆಚ್ಚೆಂದರೆ ಎರಡು. ಎರಡು ಮೂರು ಉಚ್ಚಾರಕ್ಕೆ ಮುಗಿದರೆ ಒಳ್ಳೇದು. ಕಂಪನಿಯ ಹೆಸರನ್ನೋ ಕೆಲಸವನ್ನೋ ನೆನಪಿಸೋ ಹಾಗಿರಬೇಕು ಅನ್ನೋ ಅಪೇಕ್ಷೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಕಿವಿಗೆ ಇನ್ನೊಂದರ ಹಾಗೆ ಕೇಳಿಸಬಾರದು.

ಕೊನೇದರಲ್ಲೇ ಹೆಚ್ಚಿನ ಅರ್ಜಿಗಳು ಎಡವೋದು. ಮಾರ್ಕೆಟಿಂಗ್‌ನವರಿಗೆ ಬ್ರ್ಯಾಂಡ್ ಹೆಸರೇ ಬೇಕು. ಅದು ಪ್ರಪಂಚದ ಎಲ್ಲೋ ಒಂದು ಮೂಲೆಯಲ್ಲಿ ಹಾರುವ ಯಾವುದೋ ಸಣ್ಣ ಕಂಪನಿಯ ಹೆಸರಿಗೆ ಹತ್ತಿರ ಇರುತ್ತೆ. ಎರಡು ಮೂರು ಹೆಸರು ಆದ್ಯತೆಯ ಕ್ರಮದಲ್ಲಿ ಇಟ್ಟುಕೊಂಡೇ ಅರ್ಜಿ ಹಾಕೋದು ಜಾಣತನ. ಇಂಡಿಗೋ ವಿಷಯದಲ್ಲಿ ನನಗೆ ಐಫ್ಲೈ ಒಳ್ಳೇ ಆಯ್ಕೆ ಅನಿಸುತ್ತೆ. ನಮ್ಮ ಆಕಾಶದಲ್ಲಿ ‘ಏರ್ ಇಂಡಿಯಾ’ ಇದೆ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ‘ಎಕ್ಸ್‌ಪ್ರೆಸ್ ಇಂಡಿಯಾ’ ಇದೆ, ಸಾಲದ್ದಕ್ಕೆ ರೇಡಿಯೊ ಅಕ್ಷರಮಾಲೆಯಲ್ಲಿ ‘ಐ’ ಅಕ್ಷರವೇ ‘ಇಂಡಿಯಾ’. ಅದರ ಮಧ್ಯೆ ‘ಇಂಡಿ’ ಅಂತ ಶುರುವಾಗೋ ಇನ್ನೊಂದು ಹೆಸರು, ಅದೂ ದೇಶದ ಅತಿ ದೊಡ್ಡ ಏರ್‌ಲೈನ್‌ನದು, ಕಂಟ್ರೋಲರ್ ಕಿವಿಗೆ ಹಿಂಸೆಯೇ.

ಹೊಸ ಕಂಪನಿಗೆ ಇದು ಯಾವ ಹಂತದಲ್ಲಿ ಬರುತ್ತೆ ಅಂದರೆ, ಎಒಸಿ ಅನ್ನೋ ಹಾರಾಟದ ಪರವಾನಗಿ ಸಿಗೋ ಮೊದಲೇ. ಡಿಜಿಸಿಎಯ ಸಿಎಪಿ 3100 ಕೈಪಿಡಿ ಪ್ರಕಾರ ಆ ಪರವಾನಗಿಗೆ ಐದು ಹಂತ. ನಾಲ್ಕನೇ ಹಂತದಲ್ಲಿ ಪ್ರಯಾಣಿಕರಿಲ್ಲದೆ ಪ್ರೂವಿಂಗ್ ಫ್ಲೈಟ್ ಹಾರಿಸಿ ತೋರಿಸಬೇಕು. ಆ ಹೊತ್ತಿಗೆ ಕೋಡ್ ಕೈಯಲ್ಲಿದ್ದರೆ ಫ್ಲೈಟ್ ಪ್ಲಾನು (ಹೊರಡೋ ಮೊದಲು ಎಟಿಸಿಗೆ ಕೊಡೋ ಹಾರಾಟದ ವಿವರ), ರೇಡಿಯೊ, ಡಿಸ್ಪ್ಯಾಚ್ (ಹಾರಾಟ ಯೋಜಿಸಿ ಕಳಿಸೋ ವಿಭಾಗ) ಎಲ್ಲವನ್ನೂ ನಿಜವಾದ ಹೆಸರಲ್ಲೇ ಪರೀಕ್ಷೆ ಮಾಡಬಹುದು. ಆಕಾಸಾ ಏರ್‌ಗೆ 2022ರ ಜುಲೈ 7ಕ್ಕೆ ಎಒಸಿ ಬಂತು, ಮೊದಲ ಪ್ರಯಾಣಿಕ ವಿಮಾನ ಆಗಸ್ಟ್ 7ಕ್ಕೆ. ಕೋಡಿಗಾಗಿ ಓಡಾಡೋಕೆ ಆ ಒಂದು ತಿಂಗಳಲ್ಲಿ ಬಿಡುವೆಲ್ಲಿರುತ್ತೆ?

ದೇವನಹಳ್ಳಿ ದುರ್ಬೀನು

ಬಹಳ ಥ್ಯಾಂಕ್ಸ್ ಸರ್. ಬದಲಿಸೋಕೂ ಇದೇ ಅರ್ಜಿ ಇನ್ನೊಂದು ಸಲ ಹಾಕಿದರೆ ಮುಗೀತಾ?

ಡಿಸ್ಪ್ಯಾಚ್ ಮೇಜು

ಅರ್ಜಿಯ ಮಟ್ಟಿಗೆ ಹೌದು, ಅದೇ ದಾರಿ. ಕಷ್ಟ ಇರೋದು ಮಂಜೂರಾತಿ ಬಂದ ಮೇಲೆ. ಇಲ್ಲಿ ಎರಡು ಬದಲಾವಣೆ ಬೇರೆ ಬೇರೆ: ಹೆಸರು ಬದಲಿಸೋದು, ನಂಬರು ಬದಲಿಸೋದು. ಎರಡನೇದು ದಿನಾ ನಡೆಯೋ ಕೆಲಸ. ಮೊದಲನೇದು ಕಂಪನಿಯ ಆಯುಷ್ಯದಲ್ಲಿ ಒಂದು ಸಲ ಆದರೂ ಹೆಚ್ಚೇ.

ಹೆಸರು ಬದಲಾದರೆ ಏನೇನು ಕದಲುತ್ತೆ ನೋಡಿ. ಮೂರಕ್ಷರ ಬರೀ ರೇಡಿಯೊದಲ್ಲಿ ಇಲ್ಲ. ಎಎಫ್‌ಟಿಎನ್ ಅನ್ನೋ ವಾಯುಸಂಚಾರ ಸಂದೇಶ ಜಾಲದಲ್ಲಿ ಪ್ರತಿ ಕಚೇರಿಗೂ ಎಂಟಕ್ಷರದ ವಿಳಾಸ. ಮೊದಲ ನಾಲ್ಕು ಊರಿನದ್ದು, ಬೆಂಗಳೂರಾದರೆ ವಿಒಬಿಎಲ್. ಮುಂದಿನ ಮೂರು ಕಂಪನಿಯ ಕೋಡ್, ಕೊನೇದಕ್ಕೆ ಸಾಮಾನ್ಯವಾಗಿ ಎಕ್ಸ್. ಕೋಡ್ ಬದಲಾಯ್ತು ಅಂದರೆ ಎಲ್ಲ ನಿಲ್ದಾಣಗಳ ವಿಳಾಸವೂ ಬದಲಾಯ್ತು. ಹಳೇ ವಿಳಾಸಕ್ಕೆ ಬರೋ ಫ್ಲೈಟ್ ಪ್ಲಾನ್ ಒಪ್ಪಿಗೆ, ತಡದ ಸಂದೇಶಗಳು ಎಲ್ಲಿಗೆ ಹೋಗ್ತವೆ ಅಂತ ಮೊದಲೇ ಏರ್ಪಾಡು ಮಾಡದಿದ್ದರೆ ಮೊದಲ ದಿನವೇ ಡಿಸ್ಪ್ಯಾಚ್ ಕುರುಡು. ಫ್ಲೈಟ್ ಪ್ಲಾನಿಂಗ್ ಸಾಫ್ಟ್‌ವೇರ್, ಸಿಬ್ಬಂದಿ ಕೈಪಿಡಿ, ಹೊರದೇಶಗಳ ಮೇಲೆ ಹಾರೋ ಪರ್ಮಿಟ್, ಎಟಿಸಿ ಕಂಪ್ಯೂಟರಿನೊಳಗಿನ ಪಟ್ಟಿ ಇವೆಲ್ಲ ಒಂದೇ ಗಳಿಗೆಗೆ ಸರಿಯಾಗಿ ತಿರುಗಬೇಕು. ಹೊಸ ಹೆಸರು ಎಟಿಸಿ ಪಟ್ಟಿಗೆ ಇನ್ನೂ ಸೇರಿರದ ದೇಶದಲ್ಲಿ ಕಂಟ್ರೋಲರ್ ನಿಮ್ಮನ್ನ ಮೂರಕ್ಷರ ಬಿಡಿಸಿ ಬಿಡಿಸಿ ಕರೀತಾರೆ. ಅಪಾಯ ಏನಿಲ್ಲ, ಆದರೆ ಪ್ರತಿ ಕರೆಯೂ ಉದ್ದ ಆಗುತ್ತೆ.

ನಂಬರಿಗೆ ಬರೋಣ. ಫ್ಲೈಟ್ ಪ್ಲಾನ್ ಫಾರ್ಮಿನ ಏಳನೇ ಕಾಲಂ ವಿಮಾನದ ಗುರುತು. ಅಲ್ಲಿ ಒಟ್ಟು ಏಳು ಸ್ಥಾನ, ಅಡ್ಡಗೆರೆ, ಚುಕ್ಕಿ, ಖಾಲಿ ಜಾಗ ಯಾವುದೂ ಇಲ್ಲ. ಮೂರು ಕೋಡಿಗೆ ಹೋದರೆ ಉಳಿಯೋದು ನಾಲ್ಕು. ಆ ನಾಲ್ಕರಲ್ಲಿ ಅಂಕಿ ಇರಬಹುದು, ಅಂಕಿ ಅಕ್ಷರ ಸೇರಿಯೂ ಇರಬಹುದು. ಯುರೋಪಿನ ವಾಯುಸಂಚಾರ ಸಂಸ್ಥೆ ಯುರೋಕಂಟ್ರೋಲ್ ಒಪ್ಪೋ ಮಾದರಿಗಳೆಲ್ಲ ಅಂಕಿಯಿಂದ ಶುರುವಾಗ್ತವೆ: ಬರೀ ಅಂಕಿ, ಅಥವಾ ಒಂದರಿಂದ ಮೂರು ಅಂಕಿ ಆಮೇಲೆ ಒಂದು ಅಕ್ಷರ, ಅಥವಾ ಒಂದೆರಡು ಅಂಕಿ ಆಮೇಲೆ ಎರಡು ಅಕ್ಷರ. ನೀವು ಟ್ರ್ಯಾಕರ್‌ನಲ್ಲಿ ನೋಡಿದ್ದು ಇದನ್ನೇ.

ಯಾಕೆ ಅಂದರೆ, ಒಂದೇ ಕಂಪನಿಯ ಎರಡು ವಿಮಾನ ಒಂದೇ ಹೊತ್ತಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಇರ್ತವೆ. ಹೆಸರು ಇಬ್ಬರದ್ದೂ ಒಂದೇ, ನಂಬರು ಮಾತ್ರ ಬೇರೆ. ಆ ನಂಬರು ಹತ್ತಿರ ಹತ್ತಿರ ಇದ್ದರೆ ಒಬ್ಬರಿಗೆ ಕೊಟ್ಟ ಇಳಿಯೋ ಆದೇಶಕ್ಕೆ ಇನ್ನೊಬ್ಬರು ಉತ್ತರ ಕೊಡ್ತಾರೆ. ಯಾವ ಜೋಡಿ ಕೆಟ್ಟದ್ದು ಅನ್ನೋದಕ್ಕೆ ಒಂದಿಷ್ಟು ಗಟ್ಟಿ ನಿಯಮಗಳಿವೆ. ಕೊನೇ ಎರಡು ಅಂಕಿ ಒಂದೇ ಇರೋದು. 1375, 1735 ತರಹ ಅದೇ ಅಂಕಿ ಅದಲು ಬದಲಾಗಿರೋದು. 444 ಹಾಗೆ ಒಂದೇ ಅಂಕಿ ಮತ್ತೆ ಮತ್ತೆ ಬರೋದು. ಸೊನ್ನೆ ಅಥವಾ ಐದರಲ್ಲಿ ಮುಗಿಯೋ ಮೂರಂಕಿ ಸಂಖ್ಯೆಗಳನ್ನೂ ಬಿಡಬೇಕು, ಯಾಕಂದರೆ ದಿಕ್ಕು, ಫ್ಲೈಟ್ ಲೆವೆಲ್ (ನೂರು ಅಡಿಗಳ ಲೆಕ್ಕದಲ್ಲಿ ಹೇಳೋ ಎತ್ತರ) ಎರಡೂ ಹಾಗೇ ಮುಗೀತವೆ. 350 ಅನ್ನೋ ನಂಬರಿನ ವಿಮಾನಕ್ಕೆ ಫ್ಲೈಟ್ ಲೆವೆಲ್ 350 ಕೊಡೋದನ್ನ ಬಾಯಲ್ಲಿ ಹೇಳಿ ನೋಡಿ, ಗೊತ್ತಾಗುತ್ತೆ. ಅಕ್ಷರದಲ್ಲಿ ಐ, ಒ, ಎಸ್, ಜಡ್ ಬೇಡ: ಪರದೆ ಮೇಲೆ ಒಂದು, ಸೊನ್ನೆ, ಐದು, ಎರಡರ ಹಾಗೆ ಕಾಣ್ತವೆ. ಹೋಗೋ ಊರಿನ ನಾಲ್ಕಕ್ಷರದ ಕೊನೇ ಎರಡೂ ಬೇಡ. ಬೆಂಗಳೂರಿಗೆ ಹೋಗೋ ವಿಮಾನದ ನಂಬರಿನ ಬಾಲದಲ್ಲಿ ‘ಬ್ರಾವೊ ಲಿಮಾ’ (ಬಿ, ಎಲ್) ಇಟ್ಟರೆ ಕಾಲ್ ಸೈನ್ ಯಾವುದು, ಊರು ಯಾವುದು ಅಂತ ಕಲಸಿಹೋಗುತ್ತೆ.

ಟಿಕೆಟ್ ನಂಬರು ಹಾಗೇ ಇಟ್ಟು ಕಾಲ್ ಸೈನ್ ಬದಲಿಸಿದರೆ ಇನ್ನೊಂದು ಕೆಲಸ ಹುಟ್ಟುತ್ತೆ. ಟಿಕೆಟ್ ವ್ಯವಸ್ಥೆಗೆ ಬೇಕಿರೋದು ಅಂಕಿಯ ನಂಬರು, ಎಟಿಸಿಗೆ ಹೋಗೋದು ಅಂಕಿ ಅಕ್ಷರ ಬೆರೆತದ್ದು. ಎರಡರ ಮಧ್ಯೆ ತಾಳೆ ಪಟ್ಟಿ ಬೇಕು, ಅದು ವಿಮಾನ ನಿಲ್ದಾಣದ ಡೇಟಾಬೇಸಿಗೂ ಗ್ರೌಂಡ್ ಹ್ಯಾಂಡ್ಲಿಂಗ್‌ನವರಿಗೂ ತಲುಪಬೇಕು. ತಲುಪದಿದ್ದರೆ ಬೋರ್ಡಿನಲ್ಲಿ ವಿಮಾನ ಇನ್ನೂ ಬಂದೇ ಇಲ್ಲ ಅಂತ ತೋರಿಸ್ತಿರುತ್ತೆ, ಅದು ಆಗಲೇ ತನ್ನ ಬೇಗೆ (ವಿಮಾನ ನಿಲ್ಲಿಸೋ ಜಾಗಕ್ಕೆ) ಬಂದು ನಿಂತಿರುತ್ತೆ.

ಕೊನೇ ಗಳಿಗೆಯಲ್ಲಿ ಬದಲಿಸೋರಿಗೆ ಒಂದು ಮಾತು. ಹಾಕಿದ ಫ್ಲೈಟ್ ಪ್ಲಾನಿಗೆ ಸಿಎಚ್‌ಜಿ ಸಂದೇಶ ಕಳಿಸಿ ವೇಗ, ಎತ್ತರ, ದಾರಿ ತಿದ್ದಬಹುದು. ಏಳನೇ ಕಾಲಂ ಮಾತ್ರ ತಿದ್ದೋಕೆ ಬರಲ್ಲ. ಸಿಎನ್‌ಎಲ್ ಕಳಿಸಿ ಹಳೇ ಪ್ಲಾನ್ ರದ್ದು ಮಾಡಿ, ಹೊಸದು ಹಾಕಬೇಕು. ನಮ್ಮಲ್ಲಿ ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ), ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರುಗಳನ್ನೂ ಹೊಸ ಪ್ಲಾನಿಗೆ ಹೊಸದಾಗಿ ತಗೋಬೇಕು. ಹಳೇದು ರದ್ದು ಮಾಡೋದು ಮರೆತರೆ ಎಟಿಸಿ ಹತ್ತಿರ ಒಂದೇ ವಿಮಾನಕ್ಕೆ ಎರಡು ಪ್ಲಾನ್ ಕೂತಿರ್ತವೆ.

ಇದರ ಉಲ್ಟಾ ಸಮಸ್ಯೆ ಭಾರೀ ತಡ ಆದಾಗ. ನಿನ್ನೆಯ ವಿಮಾನ ಇಪ್ಪತ್ತು ಗಂಟೆ ತಡವಾಗಿ ಇವತ್ತು ಹೊರಟರೆ, ಇವತ್ತಿನ ಅದೇ ನಂಬರಿನ ವಿಮಾನವೂ ಗಾಳಿಯಲ್ಲಿರುತ್ತೆ. ಒಂದೇ ಹೆಸರಿನ ಎರಡು ಪ್ಲಾನ್‌ಗಳ ಸಮಯ ಒಂದರ ಮೇಲೊಂದು ಬಿದ್ದರೆ ಯುರೋಪಿನ ವ್ಯವಸ್ಥೆ ಎರಡನೇದನ್ನ ತಿರಸ್ಕರಿಸುತ್ತೆ. ಅದಕ್ಕೇ ತಡವಾದದ್ದಕ್ಕೆ ಬಾಲದಲ್ಲಿ ಒಂದು ಅಕ್ಷರ ಅಂಟಿಸ್ತಾರೆ. ನಂಬರು ಆಗಲೇ ನಾಲ್ಕಂಕಿ ಇದ್ದರೆ ಏಳು ಸ್ಥಾನ ತುಂಬಿರುತ್ತೆ, ಅಕ್ಷರಕ್ಕೆ ಜಾಗವೇ ಇರಲ್ಲ. ಆಗ ಒಂದು ಅಂಕಿ ಕಿತ್ತು ಹಾಕಬೇಕು. ನಾಲ್ಕಂಕಿ ನಂಬರುಗಳನ್ನೇ ತುಂಬಿಕೊಂಡಿರೋ ಕಂಪನಿಗಳು ಇಂಥ ದಿನಕ್ಕೆ ಅಂತ ಒಂದಿಷ್ಟು ನಂಬರು ಮೊದಲೇ ತೆಗೆದಿಡೋದು ವಾಸಿ.

ಹಳೇ ಬೋರ್ಡಿಂಗ್ ಪಾಸ್

ಇಬ್ಬರೂ ಚೆನ್ನಾಗಿ ಹೇಳಿದಾರೆ. ವಿಲೀನದ ಪ್ರಶ್ನೆ ಉಳೀತು, ಅದನ್ನ ನಾನು ತಗೋತೀನಿ.

ವಿಸ್ತಾರಾಗೂ ರೆಡ್ ನೈಟ್‌ಗೂ ನ್ಯಾಯ ಒಂದೇ. ಕಾಲ್ ಸೈನ್ ಅಂಟಿಕೊಂಡಿರೋದು ಬಣ್ಣಕ್ಕಲ್ಲ, ಮಾಲೀಕರಿಗಲ್ಲ, ಟಿಕೆಟ್ ಮಾರೋ ಬ್ರ್ಯಾಂಡಿಗೂ ಅಲ್ಲ. ವಿಮಾನ ಹಾರಿಸೋ ಪರವಾನಗಿ ಯಾರ ಹೆಸರಲ್ಲಿದೆಯೋ ಆ ಸಂಸ್ಥೆಗೆ. ಏರ್‌ಏಷ್ಯಾ ಇಂಡಿಯಾ ಎಐಎಕ್ಸ್ ಕನೆಕ್ಟ್ ಆದಾಗ ಪರವಾನಗಿ ಇದ್ದ ಕಂಪನಿ ಅದೇ, ಹೆಸರು ಮಾತ್ರ ಹೊಸದು. ಹಾಗಾಗಿ ರೆಡ್ ನೈಟ್ ಬಿಡೋ ಅಗತ್ಯ ಬರಲಿಲ್ಲ. 2024ರ ಅಕ್ಟೋಬರ್ 1ಕ್ಕೆ ಆ ಕಂಪನಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ ಸೇರಿಹೋಯ್ತು, ಅವತ್ತು ಟಿಕೆಟ್‌ನ ಐ5 ಕೋಡೂ ಹೋಯ್ತು, ರೆಡ್ ನೈಟೂ ಹೋಯ್ತು. ಅದರ ದಾಯಾದಿಗಳು ಇನ್ನೂ ಹಾರ್ತಿವೆ: ಮಲೇಷ್ಯಾದ ಏರ್‌ಏಷ್ಯಾ ‘ರೆಡ್ ಕ್ಯಾಪ್’, ಅದರ ಎಕ್ಸ್ ಶಾಖೆ ‘ಕ್ಸನಡು’, ಇಂಡೋನೇಷ್ಯಾದ್ದು ‘ವ್ಯಾಗನ್ ಏರ್’. ಕೆಂಪು ಬಣ್ಣ ಎಲ್ಲಕ್ಕೂ ಒಂದೇ, ಪರವಾನಗಿ ದೇಶದೇಶಕ್ಕೆ ಬೇರೆ.

ಈಸಿಜೆಟ್ ಇನ್ನೂ ಒಳ್ಳೇ ಉದಾಹರಣೆ. ಬ್ರೆಕ್ಸಿಟ್ ಬರುತ್ತೆ ಅಂತ 2017ರಲ್ಲಿ ಆಸ್ಟ್ರಿಯಾದಲ್ಲಿ ಇನ್ನೊಂದು ಪರವಾನಗಿ ತಗೊಂಡರು. ಈಗ ಅದೇ ಕಿತ್ತಳೆ ಬಣ್ಣದ ವಿಮಾನ ಬ್ರಿಟನ್ ಪರವಾನಗಿಯಲ್ಲಿದ್ದರೆ ‘ಈಸಿ’, ಆಸ್ಟ್ರಿಯಾದ್ದಾದರೆ ‘ಆಲ್ಪೈನ್’, ಸ್ವಿಟ್ಜರ್ಲೆಂಡಿನದ್ದಾದರೆ ‘ಟಾಪ್‌ಸ್ವಿಸ್’. ಪ್ರಯಾಣಿಕರಿಗೆ ವ್ಯತ್ಯಾಸ ಗೊತ್ತೇ ಆಗಲ್ಲ.

ವಿಸ್ತಾರಾ ಬದಲಾವಣೆ ನಡೆದ ರೀತಿ ಅಚ್ಚುಕಟ್ಟು. ತಾರೀಕು 2024ರ ನವೆಂಬರ್ 12. ಮೊದಲ ವಿಮಾನ ದೋಹಾದಿಂದ ಮುಂಬೈಗೆ ಬಂದ ಎಐ2286. ಅದು ದೋಹಾದಲ್ಲಿ ಹೊರಟಿದ್ದು ಅಲ್ಲಿನ 11ನೇ ತಾರೀಕಿನ ರಾತ್ರಿ 10 ಗಂಟೆ ದಾಟಿದ ಮೇಲೆ. ಭಾರತದಲ್ಲಿ ಆಗ ಮಧ್ಯರಾತ್ರಿ ಕಳೆದು 12 ಶುರುವಾಗಿತ್ತು. ವಿಸ್ತಾರಾ ನಂಬರಿನ ಶುರುವಿಗೆ 2 ಸೇರಿಸಿ ಯುಕೆ 955 ಅನ್ನು ಎಐ2955 ಮಾಡಿದರು. ಎರಡು ಕಂಪನಿಗೂ ಒಂದೇ ನಂಬರು ಇದ್ದರೆ ಡಿಕ್ಕಿ ಹೊಡೆಯಬಾರದಲ್ಲ. ಆದರೆ ಮೇಲೆ ಡಿಸ್ಪ್ಯಾಚ್‌ನವರು ಹೇಳಿದ ನಿಯಮ ನೆನಪಿಟ್ಟುಕೊಂಡು ನೋಡಿದರೆ, ಏರ್ ಇಂಡಿಯಾ ಹತ್ತಿರ ಅದೇ ಮೂರು ಅಂಕಿ ಮೊದಲೇ ಇದ್ದ ಕಡೆಯೆಲ್ಲ ಬಾಲ ಪೂರ್ತಿ ಒಂದೇ ಆಗೋ ಜೋಡಿ ಹುಟ್ಟಿತು. ಎರಡೂ ಒಂದೇ ಹೊತ್ತಿಗೆ ಒಂದೇ ಕಡೆ ಬರದ ಹಾಗೆ ವೇಳಾಪಟ್ಟಿ ನೋಡಿಕೊಂಡರೆ ಮಾತ್ರ ಅದು ಸರಿ. ಪ್ರಯಾಣಿಕರಿಗೆ ಅನುಕೂಲವಾದ ಉಪಾಯ ರೇಡಿಯೊಗೂ ಅನುಕೂಲ ಆಗಿರಲೇಬೇಕು ಅಂತೇನಿಲ್ಲ.

ವಿಲೀನದಲ್ಲಿ ದೊಡ್ಡ ಕಂಪನಿಯ ಹೆಸರೇ ಉಳಿಯಬೇಕು ಅಂತಲೂ ಇಲ್ಲ. 2005ರಲ್ಲಿ ಅಮೆರಿಕ ವೆಸ್ಟ್ ಮತ್ತು ಯುಎಸ್ ಏರ್‌ವೇಸ್ ಒಂದಾದವು. ಪ್ರಯಾಣಿಕರಿಗೆ ಉಳಿದ ಹೆಸರು ಯುಎಸ್ ಏರ್‌ವೇಸ್, ರೇಡಿಯೊದಲ್ಲಿ ಉಳಿದದ್ದು ಅಮೆರಿಕ ವೆಸ್ಟ್‌ನ ‘ಕ್ಯಾಕ್ಟಸ್’. 2009ರ ಜನವರಿ 15ರಂದು ಹಡ್ಸನ್ ನದಿಯಲ್ಲಿ ಇಳಿದ ವಿಮಾನ ‘ಕ್ಯಾಕ್ಟಸ್ 1549’ ಆಗಿದ್ದು ಅದಕ್ಕೇ. ಆ ರೆಕಾರ್ಡಿಂಗ್‌ನಲ್ಲಿ ಕ್ಯಾಪ್ಟನ್ ಗಡಿಬಿಡಿಯಲ್ಲಿ 1539 ಅಂತಾರೆ, ಕಂಟ್ರೋಲರ್ ಒಂದೆರಡು ಕಡೆ 1529 ಅಂತಾರೆ. ನಂಬರು ಮೂರು ಥರ ಆದರೂ ಯಾರ ವಿಷಯ ಅನ್ನೋದರಲ್ಲಿ ಇಬ್ಬರಿಗೂ ಅನುಮಾನ ಬರಲಿಲ್ಲ. ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರಿ ಒಂದೇ ಪರವಾನಗಿ ಬಂದ ದಿನ, 2015ರ ಏಪ್ರಿಲ್ 8ಕ್ಕೆ, ಕ್ಯಾಕ್ಟಸ್ ನಿಂತಿತು. ಯುಎಸ್ ಏರ್‌ವೇಸ್ ಹೆಸರಲ್ಲಿ ಟಿಕೆಟ್ ಮಾರೋದು ಅದೇ ವರ್ಷ ಅಕ್ಟೋಬರ್‌ವರೆಗೂ ನಡೀತು. ಅಲ್ಲೂ ನೋಡಿ, ರೇಡಿಯೊ ಹೆಸರು ಹೋಗಿದ್ದು ಪರವಾನಗಿ ಜೊತೆಗೆ, ಬ್ರ್ಯಾಂಡ್ ಜೊತೆಗಲ್ಲ.

ಇಂಥ ಹೆಸರಿನ ಒಂದು ತೊಂದರೆ ನೆಲದ ಮೇಲೆ. ಟ್ಯಾಕ್ಸಿವೇಯಲ್ಲಿ ‘ಡೈನಾಸ್ಟಿಗೆ ದಾರಿ ಬಿಡಿ’ ಅಂದರೆ, ಅದು ಚೈನಾ ಏರ್‌ಲೈನ್ಸ್ ಅಂತ ಗೊತ್ತಿಲ್ಲದ ಪೈಲಟ್ ಕಿಟಕಿಯಿಂದ ಯಾವ ವಿಮಾನ ಹುಡುಕಬೇಕು? ಬ್ರಿಟಿಷ್ ಏರ್‌ವೇಸ್‌ನ ‘ಸ್ಪೀಡ್‌ಬರ್ಡ್’, ಏರ್ ಲಿಂಗಸ್‌ನ ‘ಶ್ಯಾಮ್ರಾಕ್’ ಎಲ್ಲರಿಗೂ ಗೊತ್ತು. ಸಣ್ಣವರದ್ದು ಗೊತ್ತಿರಲ್ಲ. ಅನುಭವಿ ಕಂಟ್ರೋಲರ್‌ಗಳು ಆಗ ಕಂಪನಿ ಹೆಸರೋ, ಬಣ್ಣವೋ, ವಿಮಾನದ ಮಾದರಿಯೋ ಹೇಳಿ ತೋರಿಸ್ತಾರೆ. ಸ್ಪೀಡ್‌ಬರ್ಡ್ ಮೂಲ 1932ರಲ್ಲಿ ಥಿಯರ್ ಲೀ-ಎಲಿಯಟ್ ಇಂಪೀರಿಯಲ್ ಏರ್‌ವೇಸ್‌ಗೆ ಬರೆದ ಹಕ್ಕಿಯ ಲಾಂಛನ. ಕಂಪನಿ ಬಿಒಎಸಿ ಆಗಿ, ಆಮೇಲೆ 1974ರಲ್ಲಿ ಬ್ರಿಟಿಷ್ ಏರ್‌ವೇಸ್ ಆದರೂ ಹೆಸರು ಬಿಟ್ಟಿಲ್ಲ.

ದುರಂತದ ನಂತರ ಬದಲಾಗೋದು ಸಾಮಾನ್ಯವಾಗಿ ನಂಬರು, ಹೆಸರಲ್ಲ. ಎಂಎಚ್370 ಅನ್ನು ಎಂಎಚ್318 ಮಾಡಿದರು. ಅಹಮದಾಬಾದಿನ ಅಪಘಾತದ ಬಳಿಕ ಎಐ171 ಜಾಗಕ್ಕೆ ಎಐ159 ಬಂತು. ಅದಕ್ಕೆ ಐಕಾವೊ ಒಪ್ಪಿಗೆ ಏನೂ ಬೇಡ, ಕಂಪನಿಯೇ ವೇಳಾಪಟ್ಟಿ ತಿದ್ದಿದರಾಯ್ತು.

ಸ್ಟ್ರಿಪ್ ಬೋರ್ಡ್

ಗಾಳಿಯಲ್ಲಿದ್ದಾಗಲೇ ಬದಲಿಸೋದೂ ಒಂದಿದೆ, ಯಾರೂ ಹೇಳಲಿಲ್ಲ. ಹಾರಾಟದ ಮಧ್ಯೆ ಪೈಲಟ್ ತಾನಾಗಿ ಕಾಲ್ ಸೈನ್ ಬದಲಿಸೋ ಹಾಗಿಲ್ಲ. ಸುರಕ್ಷತೆಗಾಗಿ ಎಟಿಸಿ ಹೇಳಿದರೆ ಮಾತ್ರ, ಅದೂ ತಾತ್ಕಾಲಿಕ. ಒಂದೇ ಸೆಕ್ಟರ್‌ನಲ್ಲಿ (ಒಬ್ಬ ಕಂಟ್ರೋಲರ್ ನೋಡಿಕೊಳ್ಳೋ ಆಕಾಶದ ಭಾಗ) ಎರಡು ಹೆಸರು ಕಲಸ್ತಿವೆ ಅನಿಸಿದರೆ ಕಂಟ್ರೋಲರ್ ‘ಚೇಂಜ್ ಯುವರ್ ಕಾಲ್ ಸೈನ್ ಟು’ ಅಂತ ಹೇಳಿ ಹೊಸದು ಕೊಡ್ತಾರೆ. ಗೊಂದಲ ಮುಗಿದ ಮೇಲೆ, ಅಥವಾ ಮುಂದಿನ ಸೆಕ್ಟರ್‌ಗೆ ಒಪ್ಪಿಸೋ ಮೊದಲು, ‘ರಿವರ್ಟ್ ಟು ಫ್ಲೈಟ್ ಪ್ಲಾನ್ ಕಾಲ್ ಸೈನ್’. ಈ ಎರಡನೇ ವಾಕ್ಯ ಮರೆತರೆ ಮುಂದಿನವರ ಪರದೆ ಮೇಲೆ ಒಂದು ಹೆಸರು, ಕಿವಿಗೆ ಇನ್ನೊಂದು. ಬದಲಿಸದೆ ಬರೀ ‘ಹೋಲಿಕೆ ಇರೋ ಕಾಲ್ ಸೈನ್ ಇದೆ, ಎಚ್ಚರ’ ಅಂತ ಇಬ್ಬರಿಗೂ ಹೇಳಿ ಬಿಡೋದೇ ಹೆಚ್ಚು.

ಅಂಕಿ ಹೇಳೋದು ಬಿಡಿಬಿಡಿಯಾಗಿ. ಒಂಬತ್ತಕ್ಕೆ ‘ನೈನರ್’, ಐದಕ್ಕೆ ‘ಫೈಫ್’. ನೈನ್, ಫೈವ್ ಎರಡೂ ಗದ್ದಲದಲ್ಲಿ ಒಂದೇ ಥರ ಕೇಳಿಸ್ತವೆ. ಅಮೆರಿಕದವರು ‘ಫಿಫ್ಟೀನ್ ಫಾರ್ಟಿನೈನ್’ ಅಂತ ಜೋಡಿ ಮಾಡ್ತಾರೆ, ಅದು ಅವರ ದೇಶದ ರೂಢಿ. 136 ಟನ್ ಅಥವಾ ಮೇಲ್ಪಟ್ಟ ವಿಮಾನ ಮೊದಲ ಕರೆಯಲ್ಲಿ ಕಾಲ್ ಸೈನ್ ಕೊನೆಗೆ ‘ಹೆವಿ’ ಸೇರಿಸುತ್ತೆ, ಎ380 ಆದರೆ ‘ಸೂಪರ್’. ಇದು ಹೆಸರಿನ ಭಾಗ ಅಲ್ಲ, ಏಳನೇ ಕಾಲಂನಲ್ಲಿ ಬರೆಯೋದೂ ಇಲ್ಲ.

ಇನ್ನು ಅತಿ ಹೆಚ್ಚು ಕಾಣೋ ತಪ್ಪು ರೇಡಿಯೊದಲ್ಲಿ ಅಲ್ಲ, ಕಾಕ್‌ಪಿಟ್ ಕೀಬೋರ್ಡಿನಲ್ಲಿ. ಹೊರಡೋ ಮೊದಲು ಸಿಬ್ಬಂದಿ ಟ್ರಾನ್ಸ್‌ಪಾಂಡರ್‌ಗೆ (ರೇಡಾರ್‌ಗೆ ವಿಮಾನದ ಗುರುತು ಕಳಿಸೋ ಪೆಟ್ಟಿಗೆ) ಫ್ಲೈಟ್ ಐಡಿ ಹೊಡೀಬೇಕು. ಅದು ಏಳನೇ ಕಾಲಂಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಟಿಕೆಟ್ ನೋಡಿ ಐಜಿಒ ಬದಲು 6ಇ ಹೊಡೆದರೆ, ಅಥವಾ 123ಕ್ಕೆ ಮುಂದೆ ಸೊನ್ನೆ ಸೇರಿಸಿ 0123 ಅಂದರೆ, ಅಥವಾ ಹಿಂದಿನ ಹಾರಾಟದ ಐಡಿ ಅಳಿಸದೆ ಬಿಟ್ಟರೆ, ರೇಡಾರ್ ವ್ಯವಸ್ಥೆಗೆ ಆ ಚುಕ್ಕಿ ಯಾವ ಪ್ಲಾನಿನದ್ದು ಅಂತ ತಾಳೆ ಹಾಕೋಕೆ ಆಗಲ್ಲ. ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿಯ ಮೇಲೆ ಸಿಪಿಡಿಎಲ್‌ಸಿ (ಎಟಿಸಿ ಜೊತೆ ಬರಹದಲ್ಲಿ ಮಾತಾಡೋ ವ್ಯವಸ್ಥೆ) ಲಾಗಾನ್ ಮಾಡುವಾಗಲೂ ಇದೇ ಐಡಿ ಹೋಗುತ್ತೆ, ಜೊತೆಗೆ ನೋಂದಣಿ ಸಂಖ್ಯೆ. ಪ್ಲಾನಿಗೆ ಹೊಂದದಿದ್ದರೆ ಲಾಗಾನ್ ತಿರಸ್ಕಾರ, ಮತ್ತೆ ದೂರದ ಸಂಪರ್ಕದ ಎಚ್‌ಎಫ್ ರೇಡಿಯೊದ ಕಿರಿಕಿರಿ. ಇನ್ನೊಂದು ಸೋಜಿಗ: ಏಕಾರ್ಸ್ (ವಿಮಾನ ಮತ್ತು ನೆಲದ ಮಧ್ಯೆ ಓಡೋ ಡೇಟಾ) ಸಂದೇಶಕ್ಕೆ ಮಾತ್ರ ಐಯಾಟಾದ ಎರಡಕ್ಷರವೇ ಬೇಕು. ಒಂದೇ ವಿಮಾನದಲ್ಲಿ ಒಂದು ಪೆಟ್ಟಿಗೆ 6ಇ ಕೇಳುತ್ತೆ, ಇನ್ನೊಂದು ಐಜಿಒ ಕೇಳುತ್ತೆ. ತಪ್ಪು ಆಗೋದು ಅಲ್ಲೇ.

ದೇವನಹಳ್ಳಿ ದುರ್ಬೀನು

ಎಲ್ಲರಿಗೂ ನಮಸ್ಕಾರ. ಹಾಗಾದ್ರೆ ಟ್ರ್ಯಾಕರ್‌ನಲ್ಲಿ ಟಿಕೆಟ್ ನಂಬರು ಹಾಕಿದರೆ ಕೆಲವು ವಿಮಾನ ಸಿಗದೇ ಹೋಗೋದು ಈ ಐಡಿ ತಪ್ಪಿನಿಂದಲೇನಾ?

ಸ್ಟ್ರಿಪ್ ಬೋರ್ಡ್

ಬಹಳ ಸಲ ಹೌದು. ಟ್ರ್ಯಾಕರ್‌ಗೆ ಸಿಗೋದು ಟ್ರಾನ್ಸ್‌ಪಾಂಡರ್ ಬಿಟ್ಟ ಐಡಿ. ಅದನ್ನ ಟಿಕೆಟ್ ನಂಬರಿಗೆ ಜೋಡಿಸೋದು ಆ್ಯಪ್‌ನವರ ಪಟ್ಟಿ. ಸಿಬ್ಬಂದಿ ತಪ್ಪು ಹೊಡೆದರೂ ಸಿಗಲ್ಲ, ಕಂಪನಿ ಅವತ್ತು ಅಕ್ಷರ ಬೆರೆತ ಹೊಸ ಕಾಲ್ ಸೈನ್ ಹಾಕಿದ್ದು ಪಟ್ಟಿಗೆ ಸೇರಿರದಿದ್ದರೂ ಸಿಗಲ್ಲ. ವಿಮಾನದ ವಿಟಿ ನೋಂದಣಿ ಸಂಖ್ಯೆ ಗೊತ್ತಿದ್ದರೆ ಅದನ್ನೇ ಹಾಕಿ ಹುಡುಕಿ. ಟ್ರಾನ್ಸ್‌ಪಾಂಡರ್ ಜೊತೆಗೇ ಕಳಿಸೋ 24 ಬಿಟ್‌ನ ವಿಳಾಸ ನೋಂದಣಿಗೆ ಕಟ್ಟಿದ್ದು. ಅದನ್ನ ಕಾಕ್‌ಪಿಟ್‌ನಲ್ಲಿ ಯಾರೂ ದಿನಾ ಟೈಪ್ ಮಾಡಲ್ಲ.